ಹನ್ನೊಂದು ಮಂದಿಯ ಪರಾತ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಯಾರು ಆಡುತ್ತಾರೆ ಎಂಬ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚುವ ಪದ್ಧತಿಯೇ ಇರಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯ ಒಂದು ಮನೆಯಲ್ಲಿ ಪರಾತ ಎಂಬ ಅಗಲವಾದ ದೊಡ್ಡ ತಾಟಿನ ತುಂಬ ಖಿಚಡಿ ಸುರಿಯುತ್ತಿದ್ದರು. ಕ್ಯಾಪ್ಟನ್ ಒಬ್ಬೊಬ್ಬರನ್ನೇ ಅಡ್ಡಹೆಸರು ಹಿಡಿದು ಕರೆಯುತ್ತಿದ್ದ. ಕರೆಸಿಕೊಂಡವನು ಬಂದು ಪರಾತದ ಸುತ್ತ ಕೂಡಬೇಕು. ಹನ್ನೊಂದು ಮಂದಿ ಕೂತರೆಂದರೆ ತಂಡ ತಯಾರಾಯಿತು. ಉಳಿದವರು ಹೊರಗಿನ ಕಟ್ಟೆಯ ಮೇಲೆ ಬೇರೆ ಬೇರೆ ತಾಟಿನಲ್ಲಿ ಉಣ್ಣುತ್ತಿದ್ದರು.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ದೈಹಿಕ ಶಿಕ್ಷಕನೊಬ್ಬ ಮನೆಗೆ ಬಂದಿದ್ದ. “ಸರ, ನಿಮ್ಮ ಕಾಲದಾಗ ಸೆಲೆಕ್ಷನ್ ಹೆಂಗ ಮಾಡತಿದ್ರಿ?” ಎಂದು ಕೇಳಿದ. “ಖಿಚಡಿಗೆ ಕರದು ಮಾಡತಿದ್ವಿ” ಎಂದೆ. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು, ಚಹಾ ಕುಡಿದು ಎದ್ದುಹೋದ. ಅವನಿಗಾಗಿ, ಅವನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ಇನ್‌ಕ್ರಿಮೆಂಟು, ಸನ್ಮಾನಗಳ ವಿಷಯ ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಹೇಳಬೇಕೆಂದಿರುವುದು ಒಬ್ಬ ಗೋಲ್‌ಕೀಪರನ ವಿಷಯ. ಅವನು ಆಡುವುದೋ ಬಿಡುವುದೋ ಎಂಬುದು ಆ ಪರಾತದ ಮೇಲೆ ನಿಂತಿತ್ತು. ಆದರೆ ಅದು ತಿಳಿಯಬೇಕಾದರೆ ನಮ್ಮ ತಂಡದ ರೀತಿ ರಿವಾಜು ಮೊದಲು ತಿಳಿಯಬೇಕು.

ನಾನು ಮಾನ್ವಿಯವನು. ಎಪ್ಪತ್ತರ ದಶಕದ ನಡುವೆ ರಾಯಚೂರಿನ ಆ ಕಾಲೇಜಿಗೆ ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕ, ಆಗಿ ಸೇರಿದೆ. ತರಬೇತಿ ಕಾಲೇಜಿನ ಪಾಠಗಳು ತಲೆಯಲ್ಲಿ ಇನ್ನೂ ಬಿಸಿಬಿಸಿಯಾಗಿದ್ದವು. ರಾಯಚೂರಿನಲ್ಲಿ ಫುಟ್‌ಬಾಲಿನ ಹುಚ್ಚು ನಿಜಾಮರ ಕಾಲದಿಂದಲೂ ಇತ್ತು. ಬಜಾರಿನ ಮುದುಕರು ಸಂಜೆ ಅಂಗಡಿಯನ್ನು ಮಕ್ಕಳ ಕೈಗೆ ಬಿಟ್ಟು, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅದರ ಕ್ಯಾರಿಯರಿನ ಮೇಲೆ ಕೂತು ಆಟ ನೋಡುತ್ತಿದ್ದರು. ಹುಡುಗರು ತಪ್ಪು ಪಾಸು ಕೊಟ್ಟರೆ ನನಗಿಂತ ಮೊದಲು ಅವರೇ ಬೈಯುತ್ತಿದ್ದರು. ಅಂಥ ಊರಿನಲ್ಲಿ ನಾನು ಸುಧಾರಣೆ ಮಾಡಲು ಹೊರಟೆ. ಪಂದ್ಯದ ದಿನ ಅನ್ನ, ಎಣ್ಣೆ, ಹುಣಸೆಹುಳಿ ಎಂಥ ಆಹಾರ ಎಂದು ಖಿಚಡಿ ನಿಲ್ಲಿಸಿ, ಗ್ಲೂಕೋಸು ಬಾಳೆಹಣ್ಣು ಕೊಡಿಸಿದೆ. ಅರ್ಧ ಆಟಕ್ಕೇ ಹುಡುಗರು ನಾಲಿಗೆ ಹೊರಗೆ ಹಾಕಿದರು. ಒಬ್ಬನಂತೂ ಗೋಲಿನ ಕಂಬಕ್ಕೆ ಬೆನ್ನು ಹಚ್ಚಿ ಕೂತೇಬಿಟ್ಟ. ಕ್ಯಾಪ್ಟನ್ ಬಂದು ಮೆಲ್ಲಗೆ ಹೇಳಿದ: “ಸರ, ಇವರು ನಸುಕಿನಾಗ ಬಸ್ ಹತ್ತಿ ಬಂದಾರ. ಹೊಟ್ಟಿಗಿ ಏನರ ಬೀಳಲಿ. ನಿಮ್ಮ ಬಾಳಿಹಣ್ಣು ಅದರ ಮ್ಯಾಲ ಕೊಡ್ರಿ.” ಮುಂದೆ ಖಿಚಡಿಯ ವಿಷಯಕ್ಕೆ ನಾನು ಕೈ ಹಾಕಲಿಲ್ಲ.

ಖಿಚಡಿ ಶುರುವಾದದ್ದೂ ಹಾಗೆಯೇ. ದೇವದುರ್ಗ, ಮಾನ್ವಿ ಕಡೆಯಿಂದ ಬರುವ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಬಂದು ಆಟದ ನಡುವೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆಗಿನ ಕ್ಯಾಪ್ಟನ್ನಿನ ತಾಯಿ, ಬಟ್ಟೆ ವ್ಯಾಪಾರದ ಮನೆಯ ಹೆಣ್ಣುಮಗಳು, ಎಲ್ಲರನ್ನೂ ಮನೆಗೇ ಕರೆದುಕೊಂಡು ಬಾ ಎಂದರಂತೆ. ಅಷ್ಟು ತಾಟು ಮನೆಯಲ್ಲಿರಲಿಲ್ಲ, ಒಂದೇ ಪರಾತಕ್ಕೆ ಸುರಿದರು. ಯಾರಿಗೂ ಅಡ್ಡಿಯಾಗಬಾರದೆಂದು ಅದರಲ್ಲಿ ಮಾಂಸ ಮೊಟ್ಟೆ ಏನೂ ಇರುತ್ತಿರಲಿಲ್ಲ. ಅಕ್ಕಿ, ಬೇಳೆ, ಮೇಲೆ ಎಳ್ಳು ಹುಣಸೆಯ ಖಟ್ಟಾ, ಅಷ್ಟೆ. ಆ ತಾಯಿಯನ್ನು ಇಡೀ ತಂಡ ಅಮ್ಮಿ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಹಿರಿಯ ಮಗ ಓದು ಮುಗಿಸಿ ಹೋದ ಮೇಲೆ ಕಿರಿಯ ಮಗ ಖಾದರ್ ನಮ್ಮ ತಂಡಕ್ಕೆ ಬಂದ, ಎಂಬತ್ತರ ಹೊತ್ತಿಗೆ ಅವನೇ ಕ್ಯಾಪ್ಟನ್ ಆದ. ಹೀಗಾಗಿ ಪರಾತ ಮನೆ ಬದಲಿಸಲಿಲ್ಲ.

ಪರಾತಕ್ಕೂ ಒಂದು ಕಟ್ಟಳೆ ಇತ್ತು. ಗೋಲ್‌ಕೀಪರನನ್ನು ಎಲ್ಲರಿಗಿಂತ ಕೊನೆಗೆ ಕರೆಯಬೇಕು. ಕೊನೆಗೆ ಬಂದವನೇ ಖಿಚಡಿಯ ರಾಶಿ ಮುರಿದು, ನಡುವೆ ಕುಳಿ ಮಾಡಿ, ಖಟ್ಟಾ ಸುರಿಯಬೇಕು. ಅಲ್ಲಿಯವರೆಗೆ ಯಾರೂ ಕೈ ಹಾಕುವಂತಿಲ್ಲ. ಕೂತ ಮೇಲೆ ಎಲ್ಲರದೂ ಮುಗಿಯುವವರೆಗೆ ಏಳುವಂತಿಲ್ಲ. ನಡುವೆ ಎದ್ದರೆ ಮನೆಯವರಿಗೆ ಅವಮಾನ ಮಾಡಿದಂತೆ.

ಅಡ್ಡಹೆಸರಿಗೂ ಕಟ್ಟಳೆ ಇತ್ತು. ಮೊದಲ ವಾರದ ಪ್ರಾಕ್ಟೀಸಿನಲ್ಲಿ ಹುಡುಗ ಏನು ಮಾಡುತ್ತಾನೆ ಎಂಬುದನ್ನು ನೋಡಿ ಹಿರಿಯರು ಹೆಸರಿಡುತ್ತಿದ್ದರು. ಜಾತಿ ಹಿಡಿದು, ಅಪ್ಪನ ಕೆಲಸ ಹಿಡಿದು, ಮೈಯ ಊನ ಹಿಡಿದು ಇಡುವಂತಿಲ್ಲ. ರೆಫರಿ ಏನೇ ಹೇಳಿದರೂ ತನ್ನದೊಂದು ಬೇರೆ ತೀರ್ಪು ಕೊಡುತ್ತಿದ್ದವನು ಮುನಸೀಫ. ಕಾಲು ಅಡ್ಡ ಚಾಚಿ ನಿಂತರೆ ಸರಿಯದಿದ್ದವನು ರೈಲ್ವೆ ಗೇಟ್. ಪೋತ್ನಾಳದ ಶರಣಗೌಡ ಚೆಂಡು ಹಿಡಿದು ಓಡತೊಡಗಿದರೆ ನಿಲ್ಲುತ್ತಿರಲಿಲ್ಲ, ತಿರುಗಬೇಕಾದರೆ ಅವನಿಗೆ ಅರ್ಧ ಮೈದಾನ ಬೇಕಾಗುತ್ತಿತ್ತು. ಅವನಿಗೆ ಟ್ರ್ಯಾಕ್ಟರ್ ಎಂದಿಟ್ಟರು. ಅವರ ಮನೆಯಲ್ಲಿ ನಿಜಕ್ಕೂ ಟ್ರ್ಯಾಕ್ಟರ್ ಇತ್ತು, ಗದ್ದೆಗಳಿದ್ದವು, ಜೀಪೂ ಇತ್ತು. ನನಗೂ ಒಂದು ಹೆಸರಿತ್ತು, ಸೀಟಿ ಸಾಹೇಬ್. ಮದುವೆ ಮನೆಗೂ ಕೊರಳಿನ ಸೀಟಿ ತೆಗೆಯದೆ ಹೋಗುತ್ತಿದ್ದೆನಂತೆ. ನನ್ನ ಮುಂದೆ ಯಾರೂ ಹಾಗೆ ಅನ್ನುತ್ತಿರಲಿಲ್ಲ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು.

ಈ ಹೆಸರುಗಳು ನಮ್ಮ ಪ್ರಿನ್ಸಿಪಾಲರಿಗೆ ಸರಿಬರಲಿಲ್ಲ. ಶಿಸ್ತಿನ ಮನುಷ್ಯ, ಇಸ್ತ್ರಿಯ ಗೆರೆ ಮುರಿಯದಂತೆ ಕೂಡುವವರು. ಮೈದಾನದಲ್ಲಿ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಹಾಜರಿ ಪುಸ್ತಕದ ಹೆಸರಿನಿಂದಲೇ ಕರೆಯತಕ್ಕದ್ದು ಎಂದು ಆದೇಶ ಹೊರಡಿಸಿದರು. ಮುಂದಿನ ಪಂದ್ಯಕ್ಕೆ ತಾವೇ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ನಮ್ಮ ತಂಡದಲ್ಲಿ ಶರಣಪ್ಪ, ಶರಣಬಸಪ್ಪ, ಶರಣಗೌಡ ಮೂವರಿದ್ದರು. ರಜಾಕ್ ಇಬ್ಬರು. “ಶರಣ” ಎನ್ನುವಷ್ಟರಲ್ಲಿ ಮೂವರೂ ತಿರುಗಿ ನೋಡಿದರು, ಆ ಸಂದಿನಲ್ಲಿ ಎದುರಿನವರು ಗೋಲು ಹೊಡೆದರು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು ನನ್ನನ್ನು ಕರೆದು, “ಮೈದಾನದ ಒಳಗೆ ಏನಾದರೂ ಕರೆದುಕೊಳ್ಳಲಿ, ನನಗೆ ಕೇಳಿಸುವುದಿಲ್ಲ” ಎಂದರು. ಒಳ್ಳೆಯ ಮನುಷ್ಯ. ತಪ್ಪಿದ್ದನ್ನು ತಿದ್ದಿಕೊಳ್ಳುವ ಮೇಲಧಿಕಾರಿ ನನಗೆ ಸಿಕ್ಕಿದ್ದು ಅವರೊಬ್ಬರೇ.

ಉಂಡ ಮೇಲೆ ಮಧ್ಯಾಹ್ನ ಸ್ವಲ್ಪ ಅಡ್ಡಾಗಿ, ಹನ್ನೊಂದು ಮಂದಿ ಮೈದಾನಕ್ಕೆ ನಡೆದೇ ಹೋಗುತ್ತಿದ್ದರು. “ಗೆದ್ದು ಬರ್ತೀವಿ” ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ, “ಆಡಿ ಬರ್ತೀವಿ” ಎನ್ನಬೇಕು. ಮೈದಾನಕ್ಕೆ ಹೋದ ಮೇಲೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಸಾಲಾಗಿ ಬಗ್ಗಿಕೊಂಡು ಹೋಗಿ ಜಾಲಿಮುಳ್ಳು, ಹರಳು ಆರಿಸುತ್ತಿದ್ದರು. ಆಗೆಲ್ಲ ಎಲ್ಲರಿಗೂ ಬೂಟು ಎಲ್ಲಿಂದ ಬರಬೇಕು? ಒಮ್ಮೆ ಹೊರಗಿನಿಂದ ಬಂದ ಒಂದು ತಂಡದವರು ಇದನ್ನು ನೋಡಿ, ಇವರು ನೆಲಕ್ಕೆ ಏನೋ ಮಾಟ ಮಾಡುತ್ತಿದ್ದಾರೆ, ನಾವು ಆಡುವುದಿಲ್ಲ ಎಂದು ರೆಫರಿಗೆ ದೂರು ಕೊಟ್ಟರು. ಆರಿಸಿದ ಮುಳ್ಳನ್ನು ಟೋಪಿಯಲ್ಲಿ ತುಂಬಿ ತೋರಿಸಿದ ಮೇಲೆ, ಅವರೂ ಸಾಲಿನಲ್ಲಿ ಸೇರಿ ಬಗ್ಗಿದರು.

ಇನ್ನು ಹುಲಿಗೆಪ್ಪನ ವಿಷಯ. ದೇವದುರ್ಗದಲ್ಲಿ ಒಂದು ಹೈಸ್ಕೂಲು ಪಂದ್ಯಕ್ಕೆ ರೆಫರಿಯಾಗಿ ಹೋಗಿದ್ದೆ. ಯಾರೋ ಒದ್ದ ಚೆಂಡು ಗೋಡೆ ದಾಟಿ, ಪಕ್ಕದಲ್ಲಿ ಕಟ್ಟುತ್ತಿದ್ದ ಕಟ್ಟಡದ ಕಡೆ ಹಾರಿತು. ಅಲ್ಲಿ ಕೆಳಗಿನವರು ಇಟ್ಟಂಗಿ ಎಸೆಯುತ್ತಿದ್ದರು, ಮಾಳಿಗೆಯ ಮೇಲೆ ನಿಂತ ತೆಳ್ಳನೆಯ ಹುಡುಗನೊಬ್ಬ ಹಿಡಿಯುತ್ತಿದ್ದ. ಹಾರಿ ಬಂದ ಚೆಂಡನ್ನೂ ಅವನು ಇಟ್ಟಂಗಿ ಹಿಡಿದಂತೆಯೇ ಸದ್ದಿಲ್ಲದೆ ಹೊಟ್ಟೆಗೆ ಎಳೆದುಕೊಂಡ. ನನ್ನ ಕಡೆ ನೋಡಿ, ತಿರುಗಿ ನನ್ನ ಕಾಲ ಬಳಿಗೇ ಎಸೆದ. ಪಂದ್ಯ ಮುಗಿದ ಮೇಲೆ ಹೋಗಿ ವಿಚಾರಿಸಿದೆ. ಅರಕೇರಾದವನು, ಅಪ್ಪ ಅವ್ವ ಸುಗ್ಗಿ ಮುಗಿದರೆ ಊರು ಬಿಟ್ಟು ಕೂಲಿಗೆ ಹೋಗುವವರು, ಊರು ಹೊರಗಿಟ್ಟ ಕೇರಿಯ ಮನೆ. ಹತ್ತನೆಯದು ಪಾಸಾಗಿತ್ತು. ರಾಯಚೂರಿಗೆ ಬಂದು ಹಾಸ್ಟೆಲಿನಲ್ಲಿದ್ದು ಓದು ಎಂದೆ. ಬಂದ.

ಮೊದಲ ವಾರವೇ ಅವನಿಗೆ ಗೋಂದು ಎಂದು ಹೆಸರು ಬಿತ್ತು. ಚೆಂಡು ಅವನ ಕೈಗೆ ಅಂಟಿದರೆ ಬಿಡುತ್ತಿರಲಿಲ್ಲ. ಮೊದಲೆರಡು ವರ್ಷ ನಮಗೆ ಇನ್ನೊಬ್ಬ ಕೀಪರ್ ಇದ್ದುದರಿಂದ ಹುಲಿಗೆಪ್ಪ ಕಾಯುವ ಸಾಲಿನಲ್ಲಿದ್ದ. ಅಮ್ಮಿಯ ಮನೆಯ ಕಟ್ಟೆಯ ಮೇಲೆ ಕೂತು ತನ್ನ ತಾಟಿನಲ್ಲಿ ಉಂಡು, ತಾಟು ತಾನೇ ತೊಳೆದಿಡುತ್ತಿದ್ದ. ನಾನು ಅದನ್ನು ಒಳ್ಳೆಯ ನಡತೆ ಎಂದಷ್ಟೇ ತಿಳಿದಿದ್ದೆ. ಮೂರನೆಯ ವರ್ಷ ಹಳೆಯ ಕೀಪರ್ ಕಾಲೇಜು ಬಿಟ್ಟ. ಆ ವರ್ಷವೇ ನಮ್ಮ ಎರಡನೆಯ ಪಂದ್ಯ ನೋಡಲು ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯವರು ಬರುವವರಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವನಿಗೆ ಪೊಲೀಸು, ರೈಲ್ವೆ ಯಾವುದರಲ್ಲಾದರೂ ನೌಕರಿಯ ದಾರಿ ತೆರೆಯುತ್ತಿತ್ತು. ಹುಲಿಗೆಪ್ಪನಿಗೆ ಬೇರೆ ಯಾವ ದಾರಿಯೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊದಲ ಪಂದ್ಯದ ಬೆಳಿಗ್ಗೆ ಹತ್ತು ಮಂದಿ ಕೂತರು. ಖಾದರ್ ಕೊನೆಗೆ “ಗೋಂದು” ಎಂದು ಕರೆದ. ಹುಲಿಗೆಪ್ಪ ಬಾಗಿಲ ಹೊರಗೆ ನಿಂತಿದ್ದ, ಅಲ್ಲಿಂದ ಕದಲಲಿಲ್ಲ. ಇನ್ನೊಮ್ಮೆ ಕರೆದ.

“ನನಗ ಹಸಿವಿಲ್ಲಪ್ಪಾ, ನೀವು ಉಣ್ರಿ” ಎಂದ ಹುಲಿಗೆಪ್ಪ.

“ಒಂದು ತುತ್ತು ತಿನ್ನು ಬಾ ಬೇ.”

“ಬ್ಯಾಡ.”

ಖಾದರನ ಮುಖ ಸಣ್ಣದಾಯಿತು. ಒಳಗೆ ಅಮ್ಮಿ ಖಟ್ಟಾದ ಬೋಗುಣಿ ಹಿಡಿದು ನಿಂತಿದ್ದರು. ಪರಾತಕ್ಕೆ ಕೂಡದವನು ಆಡುವಂತಿಲ್ಲ, ಆದ್ದರಿಂದ ಖಾದರ್ ಇನ್ನೊಬ್ಬ ಹುಡುಗನನ್ನು ಕರೆದ. ಆ ಹುಡುಗ ಬಂದು ರಾಶಿ ಮುರಿದ. ಸಂಜೆ ಗೋಲಿನಲ್ಲಿ ನಿಂತು, ಕೈಗೆ ಬಂದದ್ದನ್ನೆಲ್ಲ ಬಿಟ್ಟ. ಹುಲಿಗೆಪ್ಪ ಗೆರೆಯ ಹೊರಗೆ ನಿಂತು, ಚೆಂಡು ಬಂದಾಗಲೆಲ್ಲ ತಾನೇ ಹಿಡಿಯುವವನಂತೆ ಮೈ ಬಗ್ಗಿಸುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬಂತು.

ಮರುದಿನ ಖಾದರನನ್ನು ಕೇಳಿದೆ. “ನಮ್ಮ ಮನಿ ಪರಾತದಾಗ ಕೈ ಹಾಕಲಿಕ್ಕೆ ಅವನಿಗಿ ಮನಸಿಲ್ಲ ಸರ” ಎಂದ. “ಎಷ್ಟೋ ಮಂದಿ ಹಂಗ ಇರತಾರ, ನಾ ಏನೂ ಅನ್ನಂಗಿಲ್ಲ. ಆದರ ಅಮ್ಮಿಗಿ ಭಾಳ ಬ್ಯಾಸರ ಆಗ್ಯದ. ಎರಡು ವರ್ಷ ಕಟ್ಟಿ ಮ್ಯಾಲ ಕುಂತು ಉಂಡಾನ. ಒಳಗ ಕರದ್ರ ಬ್ಯಾಡ ಅಂದ.”

ಹುಲಿಗೆಪ್ಪನನ್ನು ಮೈದಾನಕ್ಕೆ ಕರೆಸಿದೆ. ಪರಾತಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ. ನೆಲ ನೋಡುತ್ತ ಹೇಳಿದ: “ಸರ, ನಾ ಕುಂತೆ ಅನ್ರಿ. ಮಗ್ಗಲದಾಗ ಕುಂತವ ಎದ್ದು ಹೋದ ಅನ್ರಿ. ಉಣ್ಣಾಕ ಕುಂತಲ್ಲಿಂದ ಒಬ್ಬ ಎದ್ದ ಅಂದ್ರ ಅಮ್ಮಿ ಮಾರಿ ಹೆಂಗಾಗಬೇಕು? ಆ ಮನಿ ಊಟ ನನ್ನಿಂದ ಕೆಡೋದು ಬ್ಯಾಡ.”

“ಖಾದರ ಏನು ತಿಳಕೊಂಡಾನ ಗೊತ್ತದ ಏನು? ಮುಸಲ್ಮಾನರ ಮನಿ ಅಂತ ನೀ ಬ್ಯಾಡ ಅಂದಿ ಅಂತ ತಿಳಕೊಂಡಾನ.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. “ನಾವು ಬ್ಯಾಡ ಅನ್ನೋ ಮಂದಿ ಅಂತ ಒಬ್ಬರು ತಿಳಕೊಂಡಿದ್ದು ಇದ ಮೊದಲು ಸರ” ಎಂದ.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವರ್ಷ ನಾನು ಆ ಮನೆಯ ಅಂಗಳದ ಮಂಚದ ಮೇಲೆ ಕೂತು ಚಹಾ ಕುಡಿಯುತ್ತ, ನಮ್ಮ ತಂಡದಲ್ಲಿ ಭೇದವಿಲ್ಲ ಎಂದು ಹೆಮ್ಮೆಪಡುತ್ತಿದ್ದೆ. ಹುಲಿಗೆಪ್ಪನ ಕೇರಿಯ ಹುಡುಗ ಒಬ್ಬನೂ ಅಲ್ಲಿಯವರೆಗೆ ಆ ಪರಾತಕ್ಕೆ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಭೇದವಿಲ್ಲದಿರುವುದು ಸುಲಭವೇ ಆಗಿತ್ತು, ಯಾರೂ ಅದನ್ನು ಪರೀಕ್ಷೆಗೆ ಹಚ್ಚಿರಲಿಲ್ಲ.

ಅವನು ಹೆಸರು ಹೇಳಲಿಲ್ಲವಾದರೂ ಯಾರನ್ನು ನೆನೆದು ಹೆದರಿದ್ದಾನೆಂದು ತಿಳಿಯಿತು. ಹುಲಿಗೆಪ್ಪನ ಜೊತೆ ಪರಾತಕ್ಕೆ ಕೂಡುತ್ತೀಯಾ ಎಂದು ಶರಣಗೌಡನನ್ನು ಕೇಳಿದೆ. ಅವನು ಕೆಟ್ಟವನಲ್ಲ. ಪ್ರಾಕ್ಟೀಸಿನಲ್ಲಿ ಗಂಟೆಗಟ್ಟಲೆ ಹುಲಿಗೆಪ್ಪನ ಎದುರು ನಿಂತು ಚೆಂಡು ಹೊಡೆಯುತ್ತಿದ್ದವನು ಅವನೇ, “ನಿನ್ನ ಕೈಗಿ ಏನು ಬಡದಾದೋ” ಎಂದು ಬೈದು ನಗುತ್ತಿದ್ದವನೂ ಅವನೇ.

“ನಾ ಬ್ಯಾಡ ಅನ್ನಂಗಿಲ್ಲ ಸರ” ಎಂದ. “ಆದರ ಹಂಗ ಎಂದೂ ಕುಂತಿಲ್ಲ. ಕುಂತ ಮ್ಯಾಲ ನನ್ನ ಕೈ ಮುಂದ ಹೋಗತದ ಅಂತ ಈಗ ಹೆಂಗ ಹೇಳಲಿ? ಸುಳ್ಳು ಹೇಳಲೇನು?”

ಈ ಉತ್ತರಕ್ಕೆ ಅವನ ಮೇಲೆ ಗೌರವ ಬಂತು. ಆದರೆ ಇದರಿಂದ ಕೆಲಸ ಮುಂದೆ ಹೋಗಲಿಲ್ಲ. ಪ್ರಿನ್ಸಿಪಾಲರ ಬಳಿ ಹೋದೆ. “ಇಷ್ಟೇನಾ? ಪಟ್ಟಿ ಬರೆದು ಬೋರ್ಡಿಗೆ ಹಚ್ಚಿ. ಪ್ರತಿಯೊಬ್ಬನೂ ಅವನವನ ಜಾಗದಲ್ಲಿ ಉಂಡು ಬರಲಿ” ಎಂದರು. ನನಗೂ ಅದೇ ಸರಿ ಎನಿಸಿತು. ಪಟ್ಟಿ ಬರೆದು ಖಾದರನಿಗೆ ತೋರಿಸಿದೆ. ಗೋಲ್‌ಕೀಪರ್ ಎಂಬಲ್ಲಿ ಹುಲಿಗೆಪ್ಪನ ಹೆಸರಿತ್ತು. ಅಷ್ಟರಲ್ಲಿ ಹುಲಿಗೆಪ್ಪ ಯಾಕೆ ಬರಲಿಲ್ಲ ಎಂಬುದನ್ನೂ ಅವನಿಗೆ ಹೇಳಿದ್ದೆ.

ಖಾದರ್ ಪಟ್ಟಿ ಓದಿ ಮಡಚಿ ನನ್ನ ಕೈಗೇ ಕೊಟ್ಟ. “ಇದನ್ನ ಹಚ್ಚಿದ್ರ ಅವ ಆಡತಾನ ಸರ, ಖರೆ. ಆದರ ಪರಾತ ಯಾಕ ನಿಂತು ಅಂತ ಎಲ್ಲಾರೂ ಕೇಳತಾರ. ಗೋಂದು ಬಂದ, ಪರಾತ ನಿಂತು ಅಂತಾರ. ಜಿಂದಗಿ ತುಂಬಾ ಅವನ ಹೆಸರಿಗೆ ಅದು ಹತ್ತಿ ಬಿಡತದ. ನನಗ ಸ್ವಲ್ಪ ವಿಚಾರ ಮಾಡಲಿಕ್ಕೆ ಬಿಡ್ರಿ.”

ಬಿಟ್ಟೆ. ಆದರೂ ಪಂದ್ಯದ ದಿನ ಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಆ ದಿನ ಭಾನುವಾರ. ಶರಣಗೌಡ ಶನಿವಾರ ಊರಿಗೆ ಹೋಗಿದ್ದವನು ಎಂದಿನಂತೆ ಅಪ್ಪನ ಜೀಪಿನಲ್ಲಿ ಬಂದಿಳಿದ. ಗೌಡರು ಮಗನ ಆಟ ತಪ್ಪಿಸಿದವರಲ್ಲ, ಮಧ್ಯಾಹ್ನದವರೆಗೆ ಗಂಜ್ ಮಾರುಕಟ್ಟೆಯ ಕಡೆ ಕೆಲಸ ಮುಗಿಸಿಕೊಂಡು ನೇರ ಮೈದಾನಕ್ಕೆ ಬರುತ್ತಿದ್ದರು.

ಅಮ್ಮಿ ಪರಾತ ತಂದು ಚಾಪೆಯ ನಡುವೆ ಇಟ್ಟರು. ಹೊಗೆಯಾಡುತ್ತಿತ್ತು. ಹುಡುಗರೆಲ್ಲ ಬಾಗಿಲ ಹೊರಗೆ, ಕಟ್ಟೆಯ ಬಳಿ ನಿಂತಿದ್ದರು. ಖಾದರ್ ಹೊಸ್ತಿಲಿಗೆ ಬಂದು ಮೊದಲ ಹೆಸರು ಕರೆದ.

“ಗೋಂದು.”

ಯಾರಿಗೂ ಒಂದು ಕ್ಷಣ ಅರ್ಥವಾಗಲಿಲ್ಲ. ಕೀಪರನನ್ನು ಮೊದಲು ಕರೆದದ್ದು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಮಾತ್ರ ನಿಧಾನವಾಗಿ ಬೆಳಕು ಬಿತ್ತು. ಖಾಲಿ ಚಾಪೆಯ ಮೇಲೆ ಮೊದಲು ಕೂತವನ ದೆಸೆಯಿಂದ ಯಾರೂ ಏಳಬೇಕಾಗಿಲ್ಲ. ಆಮೇಲೆ ಕರೆಸಿಕೊಂಡವರು ಕಣ್ಣಾರೆ ನೋಡಿ, ಬೇಕಾದರೆ ಬರಬೇಕು, ಬೇಡವಾದರೆ ಹೊರಗೇ ನಿಲ್ಲಬೇಕು. ನಿಂತರೆ ಆ ಮಾತು ನಿಂತವನಿಗೆ ಸೇರಿದ್ದು.

ಹುಲಿಗೆಪ್ಪನಿಗೂ ತಿಳಿಯಿತೆಂದು ಕಾಣುತ್ತದೆ. ಖಾದರನ ಮುಖ ನೋಡಿದ, ನನ್ನನ್ನು ನೋಡಿದ. ಆಮೇಲೆ ಹೊಸ್ತಿಲು ದಾಟಿ ಬಂದು, ಅಷ್ಟು ದೊಡ್ಡ ಪರಾತದ ಮುಂದೆ ಒಬ್ಬನೇ ಕೂತ. ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

ಖಾದರ್ ಒಬ್ಬೊಬ್ಬರನ್ನೇ ಕರೆದ. ಮುನಸೀಫ ಬಂದ. ರೈಲ್ವೆ ಗೇಟ್ ಬಂದು ಹುಲಿಗೆಪ್ಪನಿಗೆ ಮೊಣಕಾಲು ತಾಗಿಸಿ ಕೂತ. ಒಬ್ಬ ಹುಡುಗ ಹೊಸ್ತಿಲಲ್ಲಿ ತುಸು ತಡೆದ, ಹಿಂದಿನವನು ಬೆನ್ನಿಗೆ ಕೈ ಹಚ್ಚಿದ ಮೇಲೆ ಬಂದ. ಖಾದರ್ ತಾನೂ ಕೂತು, ಎಲ್ಲರಿಗಿಂತ ಕೊನೆಗೆ “ಟ್ರ್ಯಾಕ್ಟರ್” ಎಂದು ಕರೆದ. ಕೊನೆಗೆ ಬಂದವನು ರಾಶಿ ಮುರಿಯಬೇಕು. ಖಾದರ್ ಅದನ್ನೂ ಲೆಕ್ಕ ಹಾಕಿಯೇ ಕರೆದಿದ್ದ. ಆ ವಯಸ್ಸಿನ ಹುಡುಗನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ, ನನಗಂತೂ ಇರಲಿಲ್ಲ.

ಶರಣಗೌಡ ಹೊರಗೆ ನಿಂತೇ ಇದ್ದ. ಒಳಗೆ ಹತ್ತು ಮಂದಿ ಕೈ ಕಟ್ಟಿ ಕೂತಿದ್ದರು. ಖಿಚಡಿಯ ಹೊಗೆ ಕಡಿಮೆಯಾಗುತ್ತ ಬಂತು. ಹುಲಿಗೆಪ್ಪ ಏಳಲು ಮೊಣಕಾಲು ಎತ್ತಿದ. ಖಾದರ್ ಅವನ ಕಡೆ ನೋಡದೆಯೇ, “ಕುಂದರು. ಅವ ಬರದಿದ್ರ ಹತ್ತು ಮಂದಿ ಆಡತೀವಿ” ಎಂದ.

ಶರಣಗೌಡ ಚಪ್ಪಲಿ ಕಳಚಿದ. ಬಂದ, ಕೂತ, ಅಮ್ಮಿಯ ಕೈಯಿಂದ ಬೋಗುಣಿ ಇಸಿದುಕೊಂಡ. ರಾಶಿಯ ನಡುವೆ ಕುಳಿ ಮಾಡಿ ಖಟ್ಟಾ ಸುರಿದ. ಮೊದಲ ತುತ್ತು ತಾನೇ ಬಾಯಿಗಿಟ್ಟ. ಹನ್ನೊಂದು ಕೈ ಪರಾತಕ್ಕೆ ಇಳಿದವು. ಮಂಚದ ಮೇಲೆ ಕೂತಿದ್ದ ನಾನು ಉಸಿರು ಬಿಟ್ಟೆ.

ಕೆಲವೇ ತುತ್ತು. ಶರಣಗೌಡ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು, ಅಂಗಳದ ಬಚ್ಚಲಿನ ಕಡೆ ಓಡಿದ. ಉಂಡದ್ದೆಲ್ಲ ಹೊರಗೆ ಬಂತು. ಅವನು ಬೇಕೆಂದು ಮಾಡಿದ್ದಲ್ಲ. ಮನಸ್ಸು ಒಪ್ಪಿದರೂ ಮೈ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ಅದಕ್ಕೆ ಕಲಿಸಿದ್ದು ಅಷ್ಟು ಬೇಗ ಬಿಡಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತ ಅವನ ಕಿವಿ ಕೆಂಪಾಗಿದ್ದವು. ಅಮ್ಮಿ ಮಾತ್ರ “ಖಟ್ಟಾ ಹುಳಿ ಜಾಸ್ತಿ ಆಯ್ತೇನೋ ಬೇಟಾ” ಎಂದು ತಮ್ಮನ್ನೇ ಬೈದುಕೊಂಡರು. ಅವರಿಗೆ ಎಲ್ಲ ಗೊತ್ತಾಗಿತ್ತು ಎಂದು ನಾನು ಬಲ್ಲೆ.

ಆಗ ಎದ್ದವನು ಹುಲಿಗೆಪ್ಪ. ಯಾರಾದರೂ ಏಳುತ್ತಾರೆಂದು ಅಷ್ಟು ಹೆದರಿದ್ದವನು ತಾನೇ ಎದ್ದ. ಎಡಗೈಯಿಂದ ಹಂಡೆಯ ಮೇಲಿದ್ದ ತಂಬಿಗೆ ತೆಗೆದುಕೊಂಡು ನೀರು ತುಂಬಿ, ಶರಣಗೌಡನ ಮಗ್ಗುಲಿಗೆ ಹೋಗಿ ನಿಂತ.

“ಬಾಯಿ ತೊಳ್ಕೋ” ಎಂದ.

ಶರಣಗೌಡ ತಂಬಿಗೆ ನೋಡಿದ. ಅವರ ಊರಿನಲ್ಲಿ, ನಮ್ಮೆಲ್ಲರ ಊರಿನಲ್ಲಿ, ಆ ಕೈಯ ನೀರಿಗೆ ಏನು ಬೆಲೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಶರಣಗೌಡ ಬೊಗಸೆ ಒಡ್ಡಿದ. ಹುಲಿಗೆಪ್ಪ ಸುರಿದ. ಬಾಯಿ ಮುಕ್ಕಳಿಸಿ ಉಗುಳಿದ. ಮತ್ತೆ ಬೊಗಸೆ ಒಡ್ಡಿದ, ಈ ಸಲ ಕುಡಿದ. ತಂಬಿಗೆ ಬರಿದಾಗುವವರೆಗೆ ಕುಡಿದ. ನೀರು ಹೊಟ್ಟೆಯಲ್ಲಿ ನಿಂತಿತು.

“ತಣ್ಣಗಾಗಾಕತ್ತದ, ಬರ್ರಲೇ ಇಬ್ಬರೂ” ಎಂದು ಖಾದರ್ ಒಳಗಿನಿಂದ ಕೂಗಿದ. ಇಬ್ಬರೂ ಬಂದು ಕೂತರು. ಶರಣಗೌಡ ನಿಧಾನವಾಗಿ, ಒಂದೊಂದು ತುತ್ತು ನುಂಗಿ, ಕೊನೆಯವರೆಗೂ ಉಂಡ. ಪಟ್ಟಿಯನ್ನು ನಾನು ಜೇಬಿನಿಂದ ತೆಗೆಯಲೇ ಇಲ್ಲ.

ಸಂಜೆಯ ಆಟವನ್ನು ಉದ್ದಕ್ಕೆ ಹೇಳುವುದಿಲ್ಲ. ಆಯ್ಕೆ ಸಮಿತಿಯವರು ಕುರ್ಚಿಯಲ್ಲಿ ಕೂತಿದ್ದರು, ಬಜಾರಿನ ಮುದುಕರು ಸೈಕಲ್ಲಿನ ಮೇಲಿದ್ದರು, ಎದುರು ಗೆರೆಯ ಆಚೆ ಗೌಡರ ಜೀಪು ನಿಂತಿತ್ತು. ಮೊದಲರ್ಧ ಪೂರ್ತಿ ಚೆಂಡು ನಮ್ಮ ಗೋಲಿನ ಮುಂದೆಯೇ ಇತ್ತು. ಹುಲಿಗೆಪ್ಪ ಹಿಡಿದ, ತಳ್ಳಿದ, ಒಮ್ಮೆ ಎದುರಿನವನ ಕಾಲಿನ ಮೇಲೇ ಹಾರಿ ಬಿದ್ದು ಚೆಂಡು ಕಸಿದುಕೊಂಡ. ಸಮಿತಿಯ ಹಿರಿಯರೊಬ್ಬರು ತಮ್ಮ ಪಕ್ಕದವರ ಕಡೆ ಬಾಗಿ ಅವನ ಹೆಸರು ಕೇಳಿದರು. ಆಟ ಮುಗಿಯುತ್ತ ಬಂದಾಗ ಶರಣಗೌಡನಿಗೆ ಚೆಂಡು ಸಿಕ್ಕಿತು. ಹಿಡಿದು ಓಡಿದ, ಮೂರು ಮಂದಿ ಬೆನ್ನು ಹತ್ತಿದರೂ ನಿಲ್ಲದೆ ಹೋಗಿ ಗೋಲು ಹೊಡೆದ.

ಗೋಲು ಹೊಡೆದವನನ್ನು ಸುತ್ತಲಿನವರು ಓಡಿಬಂದು ತಬ್ಬಿಕೊಳ್ಳುವುದು, ಕೀಪರ್ ತನ್ನ ಕಂಬದ ಬಳಿ ನಿಂತು ಒಬ್ಬನೇ ಚಪ್ಪಾಳೆ ತಟ್ಟುವುದು ಆಟದ ವಾಡಿಕೆ. ಶರಣಗೌಡ ತಬ್ಬಲು ಬಂದವರನ್ನು ಸರಿಸಿ ತಿರುಗಿದ. ಮೈದಾನದ ಆ ತುದಿಯಿಂದ ಈ ತುದಿಯವರೆಗೆ, ಸಮಿತಿಯವರ ಕುರ್ಚಿ ದಾಟಿ, ಜೀಪಿನ ಮುಂದಿನಿಂದಲೇ ಓಡಿ ಬಂದ. ಹುಲಿಗೆಪ್ಪನನ್ನು ಸೊಂಟ ಹಿಡಿದು ಎತ್ತಿ, ಎದೆಗೆ ಅವಚಿಕೊಂಡು ಗಿರಗಿರ ತಿರುಗಿಸಿದ. ನನ್ನ ಕಣ್ಣು ತುಂಬಿ ಬಂದವು, ಯಾರೂ ನೋಡದಿರಲೆಂದು ಸುಮ್ಮಸುಮ್ಮನೆ ಸೀಟಿ ಊದಿದೆ.

ಜೀಪು ಸ್ಟಾರ್ಟ್ ಆದದ್ದು ಆಗಲೇ. ಆಟ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಗೌಡರು ಕಾಯಲಿಲ್ಲ. ಧೂಳಿನಲ್ಲಿ ಜೀಪು ಹೋಗುವುದನ್ನು ಶರಣಗೌಡ ನೋಡಿದ, ಹುಲಿಗೆಪ್ಪನೂ ನೋಡಿದ. ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತರು. ಅದೇ ಸಂಜೆ ಹುಲಿಗೆಪ್ಪನನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿದರು.

ಮುಂದಿನ ಪಂದ್ಯದ ಬೆಳಿಗ್ಗೆ ಶರಣಗೌಡ ಪೋತ್ನಾಳದಿಂದ ಬಸ್ಸಿನಲ್ಲಿ ಬಂದ.